ಬೂಳ್ಯದ ಸರದಿ

ಕುಂಭ ತಿಂಗಳ ಸಂಜೆ. ಕೊಯ್ಲು ಮುಗಿದ ಬಾಕಿಮಾರು ಗದ್ದೆಯಲ್ಲಿ ಕೂಳೆ ಇನ್ನೂ ಅಂಗಾಲಿಗೆ ಚುಚ್ಚುತ್ತದೆ. ನಡುಗದ್ದೆಯಲ್ಲಿ ಅಡಿಕೆಮರದ ಕಂಬ ನೆಟ್ಟು ಮಡಲಿನ ಚಪ್ಪರ ಹಾಕಿದ್ದಾರೆ. ಕಂಬಕಂಬಕ್ಕೂ ಬಾಳೆ, ಮಾವಿನೆಲೆ, ಸಿಯಾಳದ ಗೊನೆ. ಆಚೆ ಬದಿಯಲ್ಲಿ ಚರುಮುರಿಯವನು ಸೌಟಿನಿಂದ ಡಬ್ಬ ಬಡಿದು ಕರೆಯುತ್ತಿದ್ದಾನೆ, ಗೋಲಿಬಜೆಯ ಎಣ್ಣೆ ಕಾಯುತ್ತಿದೆ, ಹೊಸ ಅಂಗಿ ಹಾಕಿಕೊಂಡ ಮಕ್ಕಳು ಬಲೂನಿಗಾಗಿ ಅಜ್ಜಿಯ ಸೆರಗು ಜಗ್ಗುತ್ತಿದ್ದಾರೆ. ಮಲ್ಲಿಗೆ ಮಾರುವ ಹೆಂಗಸು ಒದ್ದೆ ಗೋಣಿಯ ಮೇಲೆ ಅಟ್ಟೆಗಳನ್ನು ಒಂದೊಂದಾಗಿ ಬಿಡಿಸಿಟ್ಟು ಬಾಳೆನಾರಿನಲ್ಲಿ ಸುತ್ತಿ ಕೊಡುತ್ತಾಳೆ. ಕಾರ್ಕಳ ಮತ್ತು ವೇಣೂರಿನ ನಡುವಿನ ಈ ಊರಿಗೆ ಇವತ್ತು ಮುಂಬಯಿಯವರು ಬಂದಿದ್ದಾರೆ, ದುಬಾಯಿಯವರು ಬಂದಿದ್ದಾರೆ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಇಳಿದ ಹುಡುಗರು ನಿದ್ದೆಗಣ್ಣಲ್ಲೇ ಪಂಚೆ ಸುತ್ತಿಕೊಂಡು ಓಡಾಡುತ್ತಿದ್ದಾರೆ. ಊರಿನ ಯಜಮಾನಿಕೆ ಹೊತ್ತ ಗುತ್ತಿನ ಮನೆಯ ನೇಮ, ದೈವ ಮನುಷ್ಯರ ಮೈಮೇಲೆ ಬಂದು ನುಡಿಯುವ ರಾತ್ರಿ. ಬನ್ನಿ, ಈ ಹುಣಿಯ ಮೇಲೆ ನಿಲ್ಲೋಣ. ಇಲ್ಲಿಂದ ಮನೆಯೂ ಕಾಣುತ್ತದೆ, ಚಪ್ಪರವೂ ಕಾಣುತ್ತದೆ.

ಮನೆಯ ಚಾವಡಿಯಲ್ಲಿ ದೀಪ ಹಚ್ಚಿ ಆಗಿದೆ. ಎಣ್ಣೆ ಮಡ್ಡಿ ಹಿಡಿದು ಕಪ್ಪಾದ ಹಲಸಿನ ಕಂಬಗಳು, ನಡುವೆ ತೂಗುವ ಉಯ್ಯಾಲೆ, ಅದರ ಪಕ್ಕದಲ್ಲಿ ಭಂಡಾರದ ಕೋಣೆಯ ಚಿಕ್ಕ ಬಾಗಿಲು. ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಕೊಂಬು ಕೂಗಿತು ನೋಡಿ, ದೈವದ ಮೊಗ ಆಯುಧಗಳ ಭಂಡಾರ ಚಪ್ಪರಕ್ಕೆ ಹೊರಟಿತು. ಗಂಟೆ ಹಿಡಿದವರು ಪೂಜಾರಿ, ಬಿಲ್ಲವರು. ದೀಟಿಗೆ ಹಿಡಿದವರು, ನಡೆಯುವ ದಾರಿಗೆ ಮಡಿಬಟ್ಟೆ ಹಾಸುವವರು ಮಡಿವಾಳರು. ಹಿತ್ತಾಳೆಯ ಮೊಗ, ಖಡ್ಸಲೆ, ಚಾಮರ ಹೊತ್ತು ನಡೆಯುವುದಕ್ಕೆ ಒಂದೊಂದು ಮನೆತನ. ತಾಸೆ, ಡೋಲು, ನಾಗಸ್ವರಕ್ಕೆ ಬೇರೆಯವರು. ಎಲ್ಲರ ನಡುವೆ ಬಿಳಿ ಪಂಚೆ, ಹೆಗಲಲ್ಲಿ ಶಾಲು, ಕೈಯಲ್ಲಿ ಚಿನ್ನದ ಬಳೆ ಹಾಕಿದ ಗುತ್ತಿನ ಯಜಮಾನರು. ಗಡಿ ಹಿಡಿದವರು ಎಂದು ಇಲ್ಲಿನ ಮಾತು. ಬಂಟರ ಮನೆತನ ಇದು. ಬೇರೆ ಊರಿಗೆ ಹೋದರೆ ಜೈನರದೂ ಇದೆ, ಬಿಲ್ಲವರದೂ ಇದೆ. ಯಾರು ಮುಂದೆ, ಯಾರು ಹಿಂದೆ, ಯಾರ ಎಡಕ್ಕೆ ಯಾರು ಎಂದು ಯಾರೂ ಕೂಗಿ ಹೇಳುವುದಿಲ್ಲ. ಮುನ್ನೂರು ಹೆಜ್ಜೆಯ ದಾರಿಯಲ್ಲಿ ಊರಿಗೆ ಊರೇ ತನ್ನ ತನ್ನ ಜಾಗ ಹಿಡಿದು ನಡೆಯುತ್ತದೆ. ಹಳೆಯ ತುಳುನಾಡಿನಲ್ಲಿ ಯಾರ ಕೈಯಲ್ಲಿ ಏನಿತ್ತು ಎಂದು ತಿಳಿಯಬೇಕಾದವರು ಈ ದಾರಿಯ ಬದಿಯಲ್ಲಿ ನಿಂತರೆ ಸಾಕು.

ನಮ್ಮನ್ನು ಕರೆಯುತ್ತಿರುವುದು ಮಾತ್ರ ಚಪ್ಪರದ ಹಿಂದಿನ ಆ ಮಡಲಿನ ಮರೆ. ಅಲ್ಲಿ ಚಾಪೆಯ ಮೇಲೆ ಒಬ್ಬರು ಮಲಗಿದ್ದಾರೆ, ನಲವತ್ತೈದರ ಆಸುಪಾಸು. ಸಂಜೆ ಗಡಿ ಹಿಡಿದವರ ಕೈಯಿಂದ ಎಣ್ಣೆ ಬೂಳ್ಯ, ಅಂದರೆ ಮೀಯುವುದಕ್ಕೆ ಎಣ್ಣೆ ಮತ್ತು ವೀಳ್ಯದೆಲೆ, ತೆಗೆದುಕೊಂಡು ಮಿಂದು ಬಂದವರು. ಆ ಎಣ್ಣೆ ತೆಗೆದುಕೊಂಡ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವ ಕ್ರಮವಿಲ್ಲ. ನಲಿಕೆ, ಪಂಬದ, ಪರವ ಈ ಮೂರು ಸಮುದಾಯದವರು ತುಳುನಾಡಿನಲ್ಲಿ ದೈವ ಕಟ್ಟುತ್ತಾರೆ. ಯಾವ ದೈವಕ್ಕೆ ಯಾರು ಎನ್ನುವುದು ಊರೂರಿನ ಕಟ್ಟುಕಟ್ಟಳೆ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಜನ. ತಮ್ಮನೋ ಮಗನೋ ಪಕ್ಕದಲ್ಲಿ ಕೂತು ಅರೆದ ಅರದಾಳವನ್ನು ಅಂಗೈಯಲ್ಲಿ ತೆಗೆದು ಅವರ ಹಣೆಯಿಂದ ಗಲ್ಲದವರೆಗೆ ಹಚ್ಚುತ್ತಾನೆ. ಹಳದಿ ಒಣಗುವವರೆಗೆ ಮಾತಿಲ್ಲ. ಆಮೇಲೆ ತೆಂಗಿನಗರಿಯ ಕಡ್ಡಿ ಮಸಿಯಲ್ಲಿ ಅದ್ದಿ ಕಣ್ಣಿನ ಸುತ್ತ, ಹುಬ್ಬಿನ ಮೇಲೆ, ತುಟಿಯ ಕೊನೆಯಿಂದ ಕಿವಿಯ ಕಡೆಗೆ ಒಂದೊಂದೇ ಗೆರೆ. ಕೈ ನಡುಗಬಾರದು. ಗೆರೆ ಎಳೆಯುವವನು ಉಸಿರು ಹಿಡಿದಿದ್ದಾನೆ, ಮಲಗಿದವರು ಉಸಿರು ಬಿಡುತ್ತಿದ್ದಾರೆ. ಹಸಿ ತೆಂಗಿನಗರಿ ಸೀಳಿ ಸೊಂಟಕ್ಕೆ ಕಟ್ಟುವ ತಿರಿ ಮೂಲೆಯಲ್ಲಿ ರಾಶಿಯಾಗಿ ಬಿದ್ದಿದೆ. ಎಳೆಗರಿಯ ಒಗರು ವಾಸನೆ, ದೀಟಿಗೆಯ ಎಣ್ಣೆಹೊಗೆ, ಮಲ್ಲಿಗೆ, ಬೆವರು ಎಲ್ಲ ಕಲಸಿ ಮೂಗಿಗೆ ಬರುತ್ತದೆ.

ಇವರ ತಲೆಯ ಹತ್ತಿರ ಒಬ್ಬ ಮುದುಕಿ ಕೂತಿದ್ದಾಳೆ. ಮಡಿಲಲ್ಲಿ ಪುಟ್ಟ ತೆಂಬರೆ. ಚರ್ಮದ ಮೇಲೆ ಕೋಲು ಮೆಲ್ಲಗೆ ಬೀಳುತ್ತಿದೆ, ಅದರ ಜೊತೆಗೆ ಅವಳ ಸಪೂರ ದನಿ. ಪಾಡ್ದನ, ಅಂದರೆ ದೈವದ ಕಥೆಯ ಹಾಡು, ಹೇಳುತ್ತಿದ್ದಾಳೆ. ಹೊರಗೆ ಮೈಕಿನಲ್ಲಿ ದೇಣಿಗೆ ಕೊಟ್ಟವರ ಹೆಸರು ಓದುತ್ತಿರುವುದರಿಂದ ನಾವು ಸ್ವಲ್ಪ ಬಗ್ಗಿ ಕಿವಿಗೊಡಬೇಕು. ಇವತ್ತಿನ ನೇಮ ಕಲ್ಕುಡ ಕಲ್ಲುರ್ಟಿಯರದು, ಅವಳು ಹೇಳುತ್ತಿರುವುದೂ ಅವರ ಕಥೆ. ಶಂಭು ಕಲ್ಕುಡ ಎಂಬ ಶಿಲ್ಪಿ, ಅವನ ಮಗ ಬೀರ ಕಲ್ಕುಡ. ತಂದೆಯ ಕಸುಬನ್ನೇ ಹಿಡಿದ ಮಗನನ್ನು ಕಾರ್ಕಳದ ಅರಸ ಕರೆಸುತ್ತಾನೆ, ಗುಡ್ಡದ ಮೇಲೆ ಗೊಮ್ಮಟನನ್ನು ಕಡೆಯಿಸುತ್ತಾನೆ. ಕೆಲಸ ಮುಗಿಯಿತು. ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದು ಎಂದು ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಉಳಿದ ಒಂದು ಕೈ ಒಂದು ಕಾಲಿನಲ್ಲಿ ಕಲ್ಕುಡ ವೇಣೂರಿಗೆ ಹೋಗಿ ಅಲ್ಲೂ ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ಕಂಡು ಕುದಿಯುತ್ತಾಳೆ. ಇಬ್ಬರೂ ಮಾಯವಾಗಿ, ದೈವಗಳಾಗಿ, ಕಾರ್ಕಳಕ್ಕೆ ಬೆಂಕಿ ಇಕ್ಕುತ್ತಾರೆ.

ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ. ವೇಣೂರಿನ 35 ಅಡಿಯದನ್ನು ಅಜಿಲ ಅರಸು ತಿಮ್ಮಣ್ಣ ನಿಲ್ಲಿಸಿದ್ದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ ಎಂದು ಚರಿತ್ರೆ ಹೇಳುತ್ತದೆ, ಸರಿಯೇ. ಆದರೆ ಕಾರ್ಕಳದ ಶಾಸನವನ್ನು ಓದಿದರೆ ನಿಲ್ಲಿಸಿದ ಅರಸ ಸಿಗುತ್ತಾನೆ, ಅವನಿಗೆ ಪ್ರೇರಣೆ ಕೊಟ್ಟ ಗುರು ಲಲಿತಕೀರ್ತಿ ಸಿಗುತ್ತಾರೆ. ಕಲ್ಲಿನ ಮೇಲೆ ಉಳಿ ಇಟ್ಟವನ ನೋವು ಬೇಕಾದರೆ ಈ ಮುದುಕಿಯ ಹತ್ತಿರಕ್ಕೇ ಬರಬೇಕು. ಬಾಸೆಲ್ ಮಿಶನ್ನಿನ ಮೆನ್ನರ್ ಪಾದ್ರಿ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸುವ ಮೊದಲು ಇವೆಲ್ಲ ಇದ್ದದ್ದು ಹೀಗೆ ದೀಪದ ಮುಂದೆ, ನೇಜಿ ನೆಡುವ ಗದ್ದೆಯಲ್ಲಿ, ಹೆಂಗಸರ ಬಾಯಲ್ಲಿ. ಅಕ್ಷರ ಕಲಿಯುವುದಕ್ಕೆ ಯಾರೂ ಬಿಡದಿದ್ದ ಈ ಜನ ಅರಸನ ಅನ್ಯಾಯವನ್ನು ನಾಲಗೆಯ ಮೇಲೆ ಬರೆದಿಟ್ಟುಕೊಂಡರು. ತುಳುನಾಡಿನ ದೈವಗಳ ಸಾಲಿನಲ್ಲಿ ಇಂಥವರು ಹಲವರಿದ್ದಾರೆ. ಪಡುಮಲೆಯ ಬಲ್ಲಾಳನನ್ನು ಎದುರಿಸಿ ಹೊರಟು ಎಣ್ಮೂರಿನಲ್ಲಿ ಮಡಿದ ಬಿಲ್ಲವರ ಅವಳಿಗಳು ಕೋಟಿ ಚೆನ್ನಯ ಇವತ್ತು ಗರಡಿಗಳಲ್ಲಿ ಪೂಜೆಗೊಳ್ಳುತ್ತಾರೆ. ಹೊಡೆಸಿಕೊಂಡವರು, ಕಡಿಸಿಕೊಂಡವರು ಸತ್ತ ಮೇಲೆ ತಿರುಗಿ ಬಂದು ಅದೇ ಅರಮನೆಯವರ ಕೈಯಲ್ಲಿ ದೀಪ ಹಚ್ಚಿಸಿಕೊಳ್ಳುತ್ತಾರೆ.

ಮುದುಕಿಯ ದನಿ ನಿಂತಿತು. ಗಗ್ಗರ ಬಂತು. ಒಳಗೆ ಹರಳು ತುಂಬಿದ ದಪ್ಪ ಬಳೆ, ಮುಟ್ಟಿದರೆ ತಣ್ಣಗೆ. ಅದನ್ನು ಎರಡು ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ಊರವರ ಕಡೆ ತಿರುಗಿ ಅಪ್ಪಣೆ ಕೇಳಿ, ಅವರು ಕಾಲಿಗೆ ಸೇರಿಸುತ್ತಾರೆ. ಮೊದಲ ಹೆಜ್ಜೆಗೇ ತಾಸೆಯ ಗತಿ ಏರಿತು. ಎರಡೂ ಕೈಯಲ್ಲಿ ದೀಟಿಗೆ, ಬೆನ್ನಿಗೆ ಪ್ರಭಾವಳಿಯಂಥ ಅಣಿ, ಸೊಂಟದಲ್ಲಿ ಸರಸರ ಎನ್ನುವ ತಿರಿ. ಗದ್ದೆ ಅದುರುತ್ತದೆ. ಇಷ್ಟು ಹೊತ್ತು ಮೊಬೈಲ್ ಎತ್ತಿ ಹಿಡಿದಿದ್ದ ಹುಡುಗ ಅದನ್ನು ತಂತಾನೇ ಜೇಬಿಗೆ ಹಾಕಿದ್ದನ್ನು ನೋಡಿದಿರಾ?

ಈಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಈ ಮನೆಯ ಅಂಗಳದ ಹೊರಗೆ ನಿಂತು ಧಣಿಗಳೇ ಎಂದು ಕರೆದಿದ್ದವರು ಈಗ ಚಪ್ಪರದ ನಡುವೆ ನಿಂತು ಮಾತಾಡುತ್ತಾರೆ. ಗಡಿ ಹಿಡಿದವರು ಶಾಲು ಸೊಂಟಕ್ಕೆ ಕಟ್ಟಿ, ಕೈಮುಗಿದು, ತಲೆ ತಗ್ಗಿಸಿ ನಿಲ್ಲುತ್ತಾರೆ. ತನ್ನ ಸಂಸಾರವೇ ಎಂದು ದೈವ ಮನೆಯವರನ್ನು ಕರೆಯುತ್ತದೆ. ಕಳೆದ ವರ್ಷ ಹೇಳಿದ ಮಾತು ನಡೆಸಿದೆಯಾ, ದೀಪಕ್ಕೆ ಎಣ್ಣೆ ತಪ್ಪಿದ್ದು ಯಾಕೆ, ಅಣ್ಣತಮ್ಮ ಮಾತು ಬಿಟ್ಟದ್ದು ಯಾಕೆ ಎಂದು ಕೇಳುತ್ತದೆ. ಉತ್ತರ ಮಧ್ಯಸ್ಥರ ಬಾಯಿಂದ ಬರುತ್ತದೆ, ಯಜಮಾನರ ಗಂಟಲಿನಿಂದ ಹೂಂಗುಟ್ಟುವಿಕೆ ಮಾತ್ರ. ಈ ಊರಿನಲ್ಲಿ ಆ ಮನುಷ್ಯನನ್ನು ಹತ್ತು ಜನರೆದುರು ಹೀಗೆ ಕೇಳುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ.

ಯಜಮಾನರ ಹಿಂದೆ ನಿಂತ ಯುವಕ ಅವರ ಮಗನಲ್ಲ, ಅಕ್ಕನ ಮಗ. ಗಡಿ ಮುಂದೆ ಅವನಿಗೆ. ಅಳಿಯಸಂತಾನದ ಕಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಇಲ್ಲಿನವರು ಭೂತಾಳ ಪಾಂಡ್ಯನ ಕಥೆ ಹೇಳುತ್ತಾರೆ. ಕುಂಡೋದರನೆಂಬ ಭೂತ ಬಲಿ ಕೇಳಿತಂತೆ. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದಿಟ್ಟಳು. ಮೆಚ್ಚಿದ ಭೂತ ಹುಡುಗನನ್ನು ಉಳಿಸಿ, ಇನ್ನು ಆಸ್ತಿ ಅಳಿಯನಿಗೆ ಎಂದಿತು. ಆಸ್ತಿ ಯಾರಿಗೆ ಎನ್ನುವ ಲೌಕಿಕದ ಪ್ರಶ್ನೆಗೂ ದೈವದ ಬಾಯಿಂದಲೇ ಉತ್ತರ ಹೇಳಿಸಿದ ನಾಡು ಇದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಸ್ವಂತ ಸಂಪಾದನೆ ಹೆಂಡತಿ ಮಕ್ಕಳಿಗೆ ಹೋಗುವುದು ರೂಢಿಯಾಯಿತು. ಗಡಿ ಮಾತ್ರ ಅಕ್ಕನ ಮಗನಿಗೇ ಉಳಿಯಿತು. ಬಳಿ, ಅಂದರೆ ಗೋತ್ರದಂಥ ಕವಲು, ತಾಯಿಯಿಂದ, ಕುಟುಂಬದ ಹೆಸರು ತಾಯಿಯಿಂದ; ಆ ತಾಯಂದಿರು ಅಗೋ ಮನೆಯ ಜಗಲಿಯ ಆಚೆ ತುದಿಯಲ್ಲಿ, ಮಲ್ಲಿಗೆ ಮುಡಿದು, ಪಟ್ಟೆಸೀರೆಯಲ್ಲಿ, ಕಂಬಕ್ಕೆ ಒರಗಿ ನಿಂತಿದ್ದಾರೆ. ಚಪ್ಪರಕ್ಕೆ ಅವರನ್ನು ಯಾರೂ ಕರೆದಿಲ್ಲ.

ಬೂಳ್ಯ ಶುರುವಾಯಿತು. ವೀಳ್ಯದೆಲೆ, ಅಡಿಕೆ, ಪಿಂಗಾರ ಎನ್ನುವ ಅಡಿಕೆ ಹೂವಿನ ಎಸಳು ಹಿಡಿದು ದೈವ ಒಂದೊಂದು ಮನೆತನವನ್ನು ಕರೆಯುತ್ತದೆ. ಮೊದಲು ಗುತ್ತು, ಆಮೇಲೆ ಅದರ ನಂತರದ ಸ್ಥಾನದ ಬಾರಿಕೆ ಮನೆ, ಆಮೇಲೆ ಊರಿನ ಹತ್ತು ಸಮಸ್ತರು, ಕೊನೆಗೆ ಚಾಕರಿಯವರು. ಕರೆದ ಹೆಸರಿಗೆ ಒಬ್ಬರು ಮುಂದೆ ಬಂದು ಎರಡೂ ಕೈ ಒಡ್ಡಿ ಎಲೆ ತೆಗೆದುಕೊಂಡು ಹಿಂದೆ ಸರಿಯುತ್ತಾರೆ. ಎರಡು ಎಲೆ, ಒಂದು ಅಡಿಕೆ. ಆದರೆ ಕರೆಯುವ ಅನುಕ್ರಮ ಒಂದು ಸ್ಥಾನ ಆಚೆ ಈಚೆ ಆದರೆ ಮಾತು ಬೆಳೆಯುತ್ತದೆ, ನೇಮವೇ ನಿಂತ ಊರುಗಳಿವೆ. ಅನ್ಯಾಯವನ್ನು ಎತ್ತಿ ಕೇಳುವ ಬಾಯಿಯೇ ಮೇಲು ಕೀಳಿನ ಪಟ್ಟಿಯನ್ನೂ ವರ್ಷವರ್ಷ ತಪ್ಪದೆ ಓದುತ್ತದೆ. ನೇಮವನ್ನು ಪ್ರತಿಭಟನೆ ಎಂದಷ್ಟೇ ಹೊಗಳುವವರ ಮಾತೂ ಯಜಮಾನಿಕೆಯ ಉಪಾಯ ಎಂದಷ್ಟೇ ಬಿಡುವವರ ಮಾತೂ ನನಗೆ ಅರ್ಧವೆನಿಸುವುದು ಇದಕ್ಕೇ. ಈ ಪಾಡ್ದನ ಹೇಳುವವರ ಕುಟುಂಬ ಹಿಂದೆ ಇದೇ ಗುತ್ತು ಬಿಟ್ಟುಕೊಟ್ಟ ಉಂಬಳಿಯ ತುಂಡು ಗದ್ದೆಯಲ್ಲಿ ಉಣ್ಣುತ್ತಿತ್ತು. ಅಷ್ಟು ಇಕ್ಕಟ್ಟಿನಲ್ಲಿ ನಿಂತೂ ಅವರ ಹಿರಿಯರು ಅರಸನ ಕ್ರೌರ್ಯದ ಕಥೆಯನ್ನು ಒಂದು ಸಾಲೂ ಬಿಡದೆ ಹೇಳುತ್ತಾ ಬಂದರಲ್ಲ, ಅದು ಸಣ್ಣ ಸಂಗತಿಯಲ್ಲ.

ತೋಡಿನ ನೀರಿನ ಜಗಳ ಬಂದಿದೆ ಈಗ. ಅಕ್ಕಪಕ್ಕದ ಅಡಿಕೆ ತೋಟದವರು ಇಬ್ಬರು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದಾರೆ. ದೈವ ಒಬ್ಬನ ಮಾತು ಕೇಳಿತು, ಇನ್ನೊಬ್ಬನ ಮಾತು ಕೇಳಿತು, ಎರಡು ಸುತ್ತು ನಡೆಯಿತು.

“ನೀರು ನಿನ್ನದೂ ಅಲ್ಲ, ಅವನದೂ ಅಲ್ಲ, ಗುಡ್ಡದ್ದು. ಹಗಲು ಒಬ್ಬನಿಗೆ, ರಾತ್ರಿ ಒಬ್ಬನಿಗೆ. ಒಪ್ಪಿಗೆಯಾ?”

ಇಬ್ಬರೂ ಒಂದೇ ಪಿಂಗಾರದ ಗೊಂಚಲಿಗೆ ಕೈ ಸೇರಿಸಿದರು. ಕೋರ್ಟಿನಲ್ಲಿ ಎಷ್ಟು ವಾಯಿದೆ ಆಗುತ್ತಿತ್ತೋ. ದೈವಗಳಿಗೆ ಇಲ್ಲಿನವರ ಇನ್ನೊಂದು ಹೆಸರು ಸತ್ಯಗಳು. ಸತ್ಯದ ಎದುರು ಕೊಟ್ಟ ಮಾತಿಗೆ ತಪ್ಪಲು ಈ ಊರಿನಲ್ಲಿ ಇವತ್ತಿಗೂ ಕೈ ಬರುವುದಿಲ್ಲ.

ನಮ್ಮ ಪಕ್ಕದಲ್ಲಿ ಹುಣಿಯ ಮೇಲೆ ಕೂತ ಈ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಆಗಿನಿಂದ ಏನೋ ಹೇಳಬೇಕೆಂದಿದ್ದಾರೆ. ಅವರ ಅಪ್ಪ ಈ ಗುತ್ತಿನ ಚಾಲಗೇಣಿ ಒಕ್ಕಲು. ಕೊಯ್ಲಾದ ಕೂಡಲೇ ಅಕ್ಕಿಮುಡಿ ಕಟ್ಟಿ ಹೊತ್ತು ತಂದು ಇದೇ ಚಾವಡಿಯ ಕೆಳಗೆ ಇಳಿಸಬೇಕಿತ್ತು. ಮಳೆ ಕೈಕೊಟ್ಟ ವರ್ಷವೂ ಗೇಣಿ ಬಿಡುತ್ತಿರಲಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವರು ಏಳನೇ ನಂಬ್ರದ ಫಾರ್ಮು ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಭೂಮಿ ಅವರದು. ದೇವರಾಜ ಅರಸರ ಕಾಲ. ಊರಿನ ಬಾಯಲ್ಲಿ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರು. ಗೇಣಿಯೇ ಹೆಚ್ಚಾಗಿದ್ದ ದಕ್ಷಿಣ ಕನ್ನಡದಲ್ಲಿ ಆ ಕಾನೂನು ನೆಲಕ್ಕಿಳಿದಷ್ಟು ರಾಜ್ಯದ ಬೇರೆ ಕಡೆ ಇಳಿದದ್ದು ಕಡಿಮೆ.

“ಅಪ್ಪ ಫಾರ್ಮು ತಂದು ಮನೆಯಲ್ಲಿ ಇಟ್ಟುಕೊಂಡಿದ್ದರು ಮಾರಾಯ್ರೆ, ಕೊಡಲು ಹೆದರಿಕೆ. ಧಣಿಗಳದ್ದಲ್ಲ, ದೈವದ್ದು. ಗದ್ದೆ ದೈವದ ಹೆಸರಿನಲ್ಲೇ ಅಲ್ಲವಾ ಇದ್ದದ್ದು. ನೇಮದ ದಿನ ಎದುರು ನಿಂತು ಕೇಳಿಯೇ ಬಿಟ್ಟರು, ಉಳುವವ ನಾನು, ಕೇಳಿದರೆ ತಪ್ಪಾ ಅಂತ. ದೈವ ಮಾತಾಡಲಿಲ್ಲ. ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿ ಗಂಧ ಕೊಟ್ಟಿತು. ಗಂಧ ಸಿಕ್ಕಿತಲ್ಲ, ಅಷ್ಟು ಸಾಕು ಅಂತ ಮರುದಿನ ಅರ್ಜಿ ಕೊಟ್ಟರು.”

ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಅವರ ಮಗ ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದಾನೆ. ಚಪ್ಪರದ ಪಕ್ಕದ ಫ್ಲೆಕ್ಸಿನಲ್ಲಿ, ಅನ್ನದಾನದ ಸೇವಾಕರ್ತರ ಸಾಲಿನಲ್ಲಿ ಎರಡನೆಯ ಹೆಸರು ಅವನದು. ಭೂಮಿ ಹೋದ ಮೇಲೆ ಗುತ್ತಿನ ಕಣಜಕ್ಕೆ ನೇಮದ ಖರ್ಚು ತೂಗಿಸುವ ಶಕ್ತಿ ಇರಲಿಲ್ಲ. ಸಮಿತಿ ಬಂತು, ರಶೀದಿ ಪುಸ್ತಕ ಬಂತು, ಒಕ್ಕಲುಗಳ ಮಕ್ಕಳೇ ದೇಣಿಗೆದಾರರಾದರು. ಬೂಳ್ಯದಲ್ಲಿ ಅಜ್ಜನ ಮನೆಯ ಸರದಿ ಎಷ್ಟನೆಯದು ಎಂದು ಕೇಳಿದರೆ ಅಜ್ಜ ನಗುತ್ತಾರೆ. ಮೊದಲು ಎಲ್ಲಿತ್ತೋ ಅಲ್ಲೇ.

ನಡುರಾತ್ರಿ ದಾಟಿದೆ, ಊಟ ಮಾಡಿ ಬರೋಣ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮನೋಳಿ ಕಡಲೆ ಪಲ್ಯ, ಹೆಸರುಬೇಳೆ ಪಾಯಸ. ಬಾಳೆಲೆಯ ಮೇಲೆ ಹಬೆಯಾಡುತ್ತಿದೆ. ಎಲ್ಲ ಜಾತಿಯವರಿಗೂ ಈಗ ಒಂದೇ ಚಪ್ಪರದಲ್ಲಿ ಪಂಕ್ತಿ. ಒಂದು ತಲೆಮಾರಿನ ಹಿಂದೆ ಹೀಗಿರಲಿಲ್ಲ. ದಾರಿಯಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿ, ಮೂರಕ್ಕೆ ಒಂದರ ಹಿಂದಿನ ಗಾಜಿನಲ್ಲಿ ಸ್ವಾಮಿ ಕೊರಗಜ್ಜನ ಹೆಸರಿನ ಸ್ಟಿಕ್ಕರ್. ಕೊರಗರ ಹುಡುಗ ತನಿಯ, ದೈವವಾದವನು. ಕಳೆದ ಚಿನ್ನ ಸಿಗಲಿ, ಕೆಲಸ ಆಗಲಿ ಎಂದು ಚಕ್ಕುಲಿ, ಬೀಡ, ಶೇಂದಿ ಹರಕೆ ಹೇಳಿಕೊಳ್ಳದ ಮನೆ ಈ ಕಡೆ ವಿರಳ. ಅದೇ ಕೊರಗ ಜನರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ, ಕೂಲಿಯಿಲ್ಲದೆ ಡೋಲು ಬಡಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಜ್ಜ ಎಂದು ಕೈಮುಗಿಯುವ ಊರೇ ಅಜ್ಜನ ಮೊಮ್ಮಕ್ಕಳನ್ನು ಅಂಗಳದಿಂದ ಆಚೆ ಕೂರಿಸಿತ್ತು. ಈ ಸ್ಟಿಕ್ಕರುಗಳನ್ನು ಕಂಡಾಗಲೆಲ್ಲ ನನಗೆ ಆ ಕಾಯಿದೆಯ ಇಸವಿ ನೆನಪಾಗುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೆಳಗಿನ ಜಾವ ಗಗ್ಗರ ಬಿಚ್ಚಿದರು. ಅರದಾಳ ಬೆವರಿಗೆ ಕರಗಿ ಕತ್ತಿನವರೆಗೆ ಇಳಿದಿದೆ. ದೀಟಿಗೆಯ ಕಿಡಿ ಬಿದ್ದ ಮುಂಗೈಗೆ ಮಗ ತೆಂಗಿನೆಣ್ಣೆ ಸವರುತ್ತಾನೆ. ಹಿಂಬದಿಯ ಜಗಲಿಯಲ್ಲಿ ಇವರ ಪಡಿ ಅಳೆದು ಕೊಡುತ್ತಿದ್ದಾರೆ: ಅಕ್ಕಿ, ತೆಂಗಿನಕಾಯಿ, ಕವರಿನಲ್ಲಿ ಸಂಭಾವನೆ. ಕೊಡುವವರು ಏಕವಚನದಲ್ಲೇ ಮಾತಾಡಿಸಿದರು. ತೆಗೆದುಕೊಂಡವರು ಧಣಿಗಳೇ ಎಂದರು. ದೀಪಾವಳಿಯ ನಂತರ ಶುರುವಾದ ರಾತ್ರಿಗಳು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ಸಾಗುತ್ತವೆ, ಆಮೇಲೆ ಮಳೆಗಾಲ ಪೂರ್ತಿ ಗಗ್ಗರ ಪೆಟ್ಟಿಗೆಯಲ್ಲಿ. ನಿದ್ದೆ, ಬೆನ್ನು, ಮಂಡಿ ಈ ಮೂರೂ ಐವತ್ತರೊಳಗೆ ಕೈಬಿಡುತ್ತವೆ ಎಂದು ಈ ಕೆಲಸದವರು ಹೇಳುತ್ತಾರೆ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಎಂದು ರಾಜ್ಯ ಸರಕಾರ 2022ರ ಅಕ್ಟೋಬರಿನಲ್ಲಿ ಘೋಷಿಸಿತು.

ಮಗ ಐ.ಟಿ.ಐ. ಓದಿದ್ದಾನೆ, ಗ್ಯಾರೇಜಿನಲ್ಲಿ ಕೆಲಸ. ಅಪ್ಪನ ನಂತರ ಯಾರು ಎಂದು ಕೇಳಿದೆ. ತಿರಿಯ ರಾಶಿಯನ್ನು ಗೋಣಿಗೆ ತುಂಬುತ್ತಿದ್ದವನು ಕೈ ನಿಲ್ಲಿಸಲಿಲ್ಲ.

“ಕಟ್ಟುತ್ತೇನೆ. ಪಾಡ್ದನ ಅಜ್ಜಿಯ ಹತ್ತಿರ ಪೂರ್ತಿ ಕಲಿತಿದ್ದೇನೆ, ಬಿಡುವುದು ಹೇಗೆ? ಬರುವ ವರ್ಷ ನನ್ನ ಮದುವೆ. ಕಾಗದ ಕೊಡಲು ಈ ಮನೆಗೂ ಬರಬೇಕು. ಚಾವಡಿಗೆ ಕರೆದು ಕುರ್ಚಿ ಕೊಟ್ಟರೆ ಕೂರುತ್ತೇನೆ. ಅಂಗಳದಲ್ಲೇ ನಿಲ್ಲಿಸಿದರೆ ಕಾಗದ ಕೊಡದೆ ವಾಪಸು ಹೋಗುತ್ತೇನೆ, ಅಪ್ಪನಿಗೂ ಹೇಳಿದ್ದೇನೆ.”

ಅಪ್ಪ ಮುಖ ತೊಳೆಯುತ್ತಿದ್ದವರು ತಿರುಗಿ ನೋಡಿದರು, ಬೇಡ ಎನ್ನಲಿಲ್ಲ. ಗಂಟುಮೂಟೆ ಕಟ್ಟಿ ಆಯಿತು; ನಾಳೆ ರಾತ್ರಿ ಮೂಡಬಿದಿರೆಯ ಆಚೆ ಇನ್ನೊಂದು ನೇಮ ಇದೆ, ಅಲ್ಲಿನ ಎಣ್ಣೆ ಬೂಳ್ಯ ಸಂಜೆ ಆರಕ್ಕೆ.